ಪೂಜೆಗೆ ಕೂರದ ಫ್ಲಾಪಿ

ಅಕ್ಕಾರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ನಾನು ಹಾವೇರಿಯ ನನ್ನ ಅಂಗಡಿಯಲ್ಲಿ ಒಂದು ಲಗ್ನಪತ್ರಿಕೆ ಕಂಪೋಜ್ ಮಾಡುತ್ತಿದ್ದೆ. ರಿಸೀವರ್ ಕಿವಿಯಲ್ಲಿತ್ತು, ಆ ಕಡೆ ಅವರ ಯಜಮಾನರು ಮಾತಾಡುತ್ತಲೇ ಇದ್ದರು, ನನ್ನ ಬಲಗೈ ಮಾತ್ರ ತನ್ನಷ್ಟಕ್ಕೆ ಹೋಗಿ ಫೈಲನ್ನು ಸೇವ್ ಮಾಡಿತು. ಅಳು ಬಂದದ್ದು ಆಮೇಲೆ. ಎಂಥ ಕಲ್ಲೆದೆಯವಳು ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಆ ಕೈಯನ್ನು ಪಳಗಿಸಿದವರು ಅವರೇ. ಮೊದಲು ಅತ್ತು ಆಮೇಲೆ ಸೇವ್ ಮಾಡಿದ್ದರೆ ಬೈಯುತ್ತಿದ್ದವರೂ ಅವರೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸುತ್ತಲಿನ ಊರುಗಳ ಮಂದಿಯ ಹೆಸರನ್ನೆಲ್ಲ ಅಚ್ಚಿಗೆ ಜೋಡಿಸಿದ ಆ ಹೆಂಗಸು ತನ್ನ ಹೆಸರನ್ನು ಎಲ್ಲೂ ಅಚ್ಚು ಹಾಕಿಕೊಳ್ಳಲಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಮನೆದೇವರ ಹೆಸರಿತ್ತು. ಎಲ್ಲರಿಗೂ ಅವರು ಅಕ್ಕಾರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಇವರು ಸಾಲಿ ಕಲಿಸಿದವರಲ್ಲ, ಆದರೆ ಇವರೆದುರು ನಿಂತರೆ ಮಗ್ಗಿ ಮರೆತ ಹುಡುಗಿಯ ಹಾಗೆ ಆಗುತ್ತಿತ್ತು. ಅದಕ್ಕೇ ಆ ಹೆಸರು ಅಂಟಿಕೊಂಡಿರಬೇಕು.

ಅವರ ಡಿಟಿಪಿ ಅಂಗಡಿ ಇದ್ದದ್ದು ರಾಣೆಬೆನ್ನೂರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಅದಕ್ಕೂ ಮೊದಲು ಅವರು ಒಂದು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರಂತೆ. ಕಂಪ್ಯೂಟರ್ ಎಂದರೆ ಮಂದಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲ. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಅಂಗಡಿಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅವರು ಮತ್ತು ಅವರ ಕೈಕೆಳಗೆ ನಾನು. ಆ ಕಂಪ್ಯೂಟರಿಗೆ ಅವರು ಹಳೆಯ ಸೀರೆಗಳಿಂದ ಒಂದು ಕೌದಿ ಹೊಲಿದಿದ್ದರು. ಸಂಜೆ ಅದಕ್ಕೆ ಕೌದಿ ಹೊದಿಸಿ, ಸುತ್ತಲೂ ಒತ್ತಿ, ಕೂಸನ್ನು ಮಲಗಿಸಿದ ಹಾಗೆ ಒಂದು ಸಲ ನೋಡಿ ಬಾಗಿಲು ಹಾಕುತ್ತಿದ್ದರು. ನನಗೆ ನಗು ಬರುತ್ತಿತ್ತು, ನಕ್ಕರೆ ಮುಗಿಯಿತು.

ಕೌದಿ ಹೊಲಿಯುವವರ ಮಾತೇ ಅವರಿಗೆ ಕಂಪ್ಯೂಟರಿನ ಮಾತೂ ಆಗಿತ್ತು. ಕೌದಿಯಲ್ಲಿ ದಾರ ಹರಿದರೆ ಹಿಂದಿನ ಗಂಟಿನ ತನಕ ಮಾತ್ರ ಬಿಚ್ಚುತ್ತದೆ, ಗಂಟೇ ಹಾಕದಿದ್ದರೆ ಇಡೀ ಸಾಲು ಬಿಚ್ಚುತ್ತದೆ. ಹಾಗಾಗಿ ಫೈಲ್ ಸೇವ್ ಮಾಡುವುದಕ್ಕೆ ಅವರು ಗಂಟು ಹಾಕುವುದು ಎನ್ನುತ್ತಿದ್ದರು. ನಾನು ಟೈಪ್ ಮಾಡುತ್ತ ಮಾಡುತ್ತ ಮೈಮರೆತರೆ ಬೆನ್ನ ಹಿಂದಿನಿಂದ ದನಿ ಬರುತ್ತಿತ್ತು: “ಗಂಟ ಹಾಕೀಯೇನ?” ಕರೆಂಟು ಹೇಳಿ ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಹಾಕಿಲ್ಲದ ಹೊತ್ತಿಗೇ ಅದು ಹೋಗುತ್ತಿತ್ತು. ಕಪ್ಪಾದ ಪರದೆಯ ಮುಂದೆ ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಹಸ್ತಪ್ರತಿಯನ್ನು ತಂದು ಮುಂದಿಡುತ್ತಿದ್ದರು. ಅದು ಬೈಗುಳಕ್ಕಿಂತ ಕೆಟ್ಟದ್ದು.

ಕೆಟ್ಟ ಫೈಲುಗಳ ವಿಷಯದಲ್ಲಿ ಅವರಿಗೆ ವೈದ್ಯರ ಹಾಗೆ ಒಂದು ಕ್ರಮವಿತ್ತು. ಫೈಲು ತೆರೆಯಲಿಲ್ಲ ಎಂದರೆ ಮೊದಲು ಕುರ್ಚಿ ಹಿಂದೆ ಸರಿಸಿ ಎದ್ದು ಹೋಗಿ ಮುಖ ತೊಳೆದುಕೊಂಡು ಬರಬೇಕು. ಗಾಬರಿಯ ಕೈ ಕೀಲಿಯ ಮೇಲೆ ಬೀಳಬಾರದು. ಆಮೇಲೆ ಕೆಟ್ಟ ಫೈಲಿನದೇ ಒಂದು ನಕಲು ಮಾಡಿ, ಮಾಡುವ ಉಪಚಾರವನ್ನೆಲ್ಲ ಆ ನಕಲಿಗೆ ಮಾಡಬೇಕು. ಇನ್ನೊಂದು ನಿಯಮ, ಇವತ್ತಿನ ಕೆಲಸವನ್ನು ನಿನ್ನೆಯದರ ಮೇಲೆ ಸೇವ್ ಮಾಡಬಾರದು. ಬೇರೆ ಹೆಸರು ಕೊಟ್ಟು ಬೇರೆಯಾಗಿ ಇಡಬೇಕು. ಇವತ್ತಿನದು ಕೆಟ್ಟರೆ ನಿನ್ನೆಯದಾದರೂ ಕೈಹಿಡಿಯುತ್ತದೆ ಎಂದು ಅವರ ಲೆಕ್ಕ.

ಇವೆಲ್ಲಕ್ಕಿಂತ ಮಿಗಿಲಾದದ್ದು ಮೂರೂರಿನ ವ್ರತ. ಫೈಲು ತುಂಬಿಡುವ ಫ್ಲಾಪಿ ಪ್ರತಿ ಕೆಲಸಕ್ಕೂ ಮೂರು. ಒಂದು ರಾಣೆಬೆನ್ನೂರಿನ ಅಂಗಡಿಯಲ್ಲಿ, ಒಂದು ಬ್ಯಾಡಗಿಯ ಅವರ ಮನೆಯಲ್ಲಿ, ಒಂದು ಹಾವೇರಿಯ ನಮ್ಮ ಮನೆಯಲ್ಲಿ. ಅವರು ರೈತರ ಮನೆಯಿಂದ ಬಂದವರು. ಅವರ ತವರಿನಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು, ಬಿತ್ತುವ ಬೀಜವನ್ನು ಮಾತ್ರ ಒಂದೇ ಕಡೆ ಇಡುತ್ತಿರಲಿಲ್ಲವಂತೆ. ಬೀಗರ ಮನೆಯಲ್ಲಿ ಒಂದು ಪಾಲು ಇಟ್ಟೇ ಇಡುತ್ತಿದ್ದರಂತೆ.

“ಬೀಜಾ ಎಲ್ಲಾ ಒಂದ ಹಗೇವಿನಾಗ ಇಟ್ಟಾಂವ, ಒಂದ ಮಳಿಗೆ ಮುಳುಗತಾನ,” ಎನ್ನುತ್ತಿದ್ದರು.

ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಹಾವೇರಿಯಲ್ಲಿ ನಾನು ಹತ್ತುತ್ತಿದ್ದೆ, ಬ್ಯಾಡಗಿಯಲ್ಲಿ ಅವರು. ಹತ್ತಿದವರು ಚಹಾ ಆಯಿತಾ, ಮನೆಯಲ್ಲಿ ಹೇಗಿದ್ದಾರೆ ಎಂದು ಕೇಳುತ್ತಿರಲಿಲ್ಲ. ‘ತಂದೀಯೇನ?’ ಎಂಬುದೇ ಮೊದಲ ಮಾತು. ನಡೆಯುತ್ತಿರುವ ಕೆಲಸದ ಫ್ಲಾಪಿ ಇದೆ ಎಂದು ನಾನು ಚೀಲ ತಟ್ಟಿ ತೋರಿಸಬೇಕು. ಅವರ ಫ್ಲಾಪಿ ಬರುತ್ತಿದ್ದದ್ದು ಊಟದ ಡಬ್ಬಿಯ ಜೊತೆ, ಅಗಲವಾದ ಇನ್ನೊಂದು ಸ್ಟೀಲ್ ಡಬ್ಬಿಯಲ್ಲಿ. ಬ್ಯಾಡಗಿಯ ಗಾಳಿಯ ತುಂಬ ಮೆಣಸಿನಕಾಯಿಯ ಘಾಟು ಮತ್ತು ದೂಳು. ಅವರ ಯಜಮಾನರು ಅಲ್ಲೇ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಸಂಜೆ ಆ ಪುಣ್ಯಾತ್ಮ ಹಿತ್ತಲಲ್ಲಿ ಅಂಗಿ ಝಾಡಿಸಿ, ಕೈಕಾಲು ತೊಳೆದ ಮೇಲೆಯೇ ಫ್ಲಾಪಿ ಇರುವ ಕೋಣೆಗೆ ಪ್ರವೇಶ. ನಮ್ಮ ಮನೆಯಲ್ಲಿ ದೇವರಿಗೂ ಇಷ್ಟು ಮಡಿ ಇಲ್ಲ ಎಂದು ಅವರು ನನ್ನೆದುರೇ ಹೆಂಡತಿಯನ್ನು ಕಾಡುತ್ತಿದ್ದರು.

ಅಕ್ಕಾರು ನಗುತ್ತಿದ್ದದ್ದು ಕಡಿಮೆ. ಕುಪ್ಪೇಲೂರಿನ ಸಂಘವೊಂದರ ಕಾರ್ಯದರ್ಶಿ ಒಮ್ಮೆ ನಾವು ಕೊಟ್ಟ ಫ್ಲಾಪಿಗೆ ತೂತು ಹೊಡೆದು, ದಾರ ಪೋಣಿಸಿ, ಕಾಗದಗಳ ಜೊತೆ ಕಡತದಲ್ಲಿ ಕಟ್ಟಿಕೊಂಡು ಬಂದರು. ಜೋಪಾನವಾಗಿ ಇಟ್ಟೇನ್ರಿ ಅಂದರು ಪಾಪ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದೆ. ಅಕ್ಕಾರು ಮಾತ್ರ ಅವರನ್ನು ಕೂರಿಸಿ, ನೀರು ಕೊಟ್ಟು, ಬ್ಯಾಡಗಿಯ ಡಬ್ಬಿ ತೆಗೆದರು. ಆಮೇಲೆ ನನಗೆ ಹೇಳಿದ್ದು, ಗೊತ್ತಿಲ್ಲದೆ ಕೆಡಿಸಿದವರನ್ನು ನೋಡಿ ನಗಬಾರದು, ನಾಳೆ ನಮಗೆ ಗೊತ್ತಿಲ್ಲದ್ದೂ ಒಂದು ಬರುತ್ತದೆ ಎಂದು. ಆ ಮಾತು ಇಷ್ಟು ಬೇಗ ಅವರಿಗೇ ತಟ್ಟುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಗಳಗನಾಥದಿಂದ ಆ ಮುದುಕಿ ಬಂದದ್ದು ಮಳೆಗಾಲದಲ್ಲಿ. ಜೊತೆಗೆ ಸೊಸೆ ಇದ್ದಳು, ತಲೆ ತಗ್ಗಿಸಿ ಗೋಡೆಗೆ ಅಂಟಿ ಕೂತವಳು ಬಾಯೇ ಬಿಡಲಿಲ್ಲ. ಮುದುಕಿಗೆ ಓದು ಬರಹ ಇಲ್ಲ. ಜೋಳ ಬೀಸುತ್ತ ಹಾಡುವ ಬೀಸುವ ಕಲ್ಲಿನ ಪದಗಳು ಮಾತ್ರ ಲೆಕ್ಕವಿಲ್ಲದಷ್ಟು ಬರುತ್ತಿದ್ದವು. ಮಗ ಗುತ್ತಲದಲ್ಲಿ ಸಾಲಿ ಮಾಸ್ತರ, ಪುಸ್ತಕ ಮಾಡಿಸುತ್ತೇನೆ ಎಂದಿದ್ದನಂತೆ. ಅಕ್ಕಾರು ತಮ್ಮ ಪದ್ಧತಿಯಂತೆ ಬರೆಸಿಕೊಂಡು ತನ್ನಿ ಅಂದರು. ಹಸ್ತಪ್ರತಿ ಇಲ್ಲದ ಕೆಲಸ ಅವರು ಮುಟ್ಟುತ್ತಿರಲಿಲ್ಲ, ಫೈಲು ಕೆಟ್ಟರೆ ಮತ್ತೆ ಜೋಡಿಸಲು ಕಾಗದ ಬೇಕಲ್ಲ. ಮುದುಕಿ ಕೇಳಲಿಲ್ಲ. ಮಗ ಬರೆದುಕೊಳ್ಳಲು ಕೂತರೆ ತಡೆತಡೆದು ಹೇಳು ಅನ್ನುತ್ತಾನೆ, ತಡೆದರೆ ಪದ ಬರುವುದಿಲ್ಲ, ಕೈ ತಿರುಗಿದರೇ ಬಾಯಿ ತಿರುಗುವುದು ಎಂದಳು.

“ಊರಿಗೆ ಹಿಟ್ಟಿನ ಗಿರಣಿ ಬಂತು. ಬೀಸೂದು ನಿಂತಿತು, ಪದಾನೂ ನಿಂತುವು. ನಾ ಹೋದ್ರ ಇವೂ ನನ್ನ ಕೂಡ ಮಣ್ಣಾಗ ಹೋಗ್ತಾವ, ಮಗಳ. ನೀ ಅದರಾಗ ಹಾಕ.”

ಅದರಾಗ ಎಂದು ಅವಳು ತೋರಿಸಿದ್ದು ಕಂಪ್ಯೂಟರನ್ನು. ಅಕ್ಕಾರು ಅವಳ ಕೈಯನ್ನೇ ನೋಡಿದರು. ಆಮೇಲೆ ಕುರ್ಚಿ ಎಳೆದು ಪಕ್ಕಕ್ಕೆ ಕೂರಿಸಿಕೊಂಡರು. ತಮ್ಮ ನಿಯಮವನ್ನು ತಾವೇ ಮುರಿದದ್ದು ನಾನು ನೋಡಿದ್ದು ಅದೊಂದೇ ಸಲ.

ಮುದುಕಿ ಸಂತೆಯ ದಿನಗಳಲ್ಲಿ ಬಸ್ಸಿಗೆ ಬರುತ್ತಿದ್ದಳು. ಮೇಜಿನ ಮೇಲೆ ಬಲಗೈ ಮುಷ್ಟಿ ಊರಿ ಬೀಸುವ ಕಲ್ಲಿನ ಗೂಟ ಹಿಡಿದವಳ ಹಾಗೆ ತಿರುಗಿಸುತ್ತಿದ್ದಳು, ಪದ ತಾನಾಗಿ ಬರುತ್ತಿತ್ತು. ಅಕ್ಕಾರು ಕೀಲಿಗಳ ಮೇಲೆ ಅದೇ ವೇಗದಲ್ಲಿ ಬೆರಳಾಡಿಸುತ್ತಿದ್ದರು. ಕೆಳಗಿನ ಬಟ್ಟೆ ಅಂಗಡಿಯವರು ಗಿರಾಕಿ ಬಿಟ್ಟು ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು. ನಮ್ಮಲ್ಲಿ ಪ್ರಿಂಟರ್ ಇರಲಿಲ್ಲ, ಪ್ರಿಂಟ್ ತೆಗೆಸಲು ಫ್ಲಾಪಿ ಹಿಡಿದು ದಾವಣಗೆರೆಗೆ ಹೋಗಬೇಕು. ಎಲ್ಲ ಮುಗಿದ ಮೇಲೆ ಒಮ್ಮೆಗೇ ತೆಗೆಸಿ, ದೀಪಾವಳಿಗೆ ಮುದುಕಿಗೆ ಪೂರ್ತಿ ಓದಿ ಹೇಳುವುದು ಎಂದು ಮಾತಾಯಿತು. ಅಷ್ಟರಲ್ಲಿ ಸಹಕಾರಿ ಸಂಘಗಳ ವರ್ಷದ ವರದಿಗಳು ಮೈಮೇಲೆ ಬಿದ್ದವು. ಆಗಿನ ಕಂಪ್ಯೂಟರಿನ ಹೊಟ್ಟೆ ಬಲು ಸಣ್ಣದು. ಪದಗಳನ್ನು ಫ್ಲಾಪಿಗೆ ತುಂಬಿ, ಮೂರೂರಿಗೆ ಹಂಚಿ, ಕಂಪ್ಯೂಟರಿನಿಂದ ತೆಗೆದು ವರದಿಗಳಿಗೆ ಜಾಗ ಮಾಡಿದೆವು. ಅದರಲ್ಲಿ ಭಯವೇನೂ ಇರಲಿಲ್ಲ, ಮೂರು ಪ್ರತಿ ಇದ್ದವಲ್ಲ.

ಆಮೇಲೆ ಮಹಾನವಮಿ ಬಂತು, ಖಂಡೇಪೂಜೆ. ಕುಡುಗೋಲು, ಕೂರಿಗೆ, ತಕ್ಕಡಿ, ಹೊಲಿಗೆ ಯಂತ್ರ, ದುಡಿಯುವ ಸಾಮಾನು ಯಾವುದಿದ್ದರೂ ಆ ದಿನ ಒಂದು ಕಡೆ ಕೂಡಿ ಪೂಜೆ ತೆಗೆದುಕೊಳ್ಳಬೇಕು. ಒಂದನ್ನು ಬಿಟ್ಟರೆ ಅದು ಮುನಿಯುತ್ತದೆ ಎಂಬುದು ಅಕ್ಕಾರ ತವರಿನ ನಂಬಿಕೆ. ನಮ್ಮ ಅಂಗಡಿಗೆ ಅದು ಮೊದಲ ದೊಡ್ಡ ಪೂಜೆ, ವರ್ಷ ಚೆನ್ನಾಗಿ ನಡೆದಿತ್ತು. ಹಿಂದಿನ ದಿನವೇ ಅಪ್ಪಣೆಯಾಗಿತ್ತು, ಹಾವೇರಿಯ ಫ್ಲಾಪಿಗಳನ್ನೆಲ್ಲ ತರಬೇಕು. ತಂದೆ. ಬ್ಯಾಡಗಿಯವೂ ಬಂದವು. ಆ ಕಾಲದ ಫ್ಲಾಪಿ ಕರಿ ಹಾಳೆಯ ಹಾಗೆ ಬಾಗುತ್ತಿತ್ತು, ಹೊಟ್ಟೆಯ ಮೇಲೆ ಒಂದು ಸೀಳು, ಆ ಸೀಳಿನಲ್ಲಿ ಒಳಗಿನ ಕಂದು ತಟ್ಟೆ ಬರಿಮೈಯಲ್ಲೇ ಕಾಣುತ್ತಿತ್ತು. ಹಳೆಯ ಕಾಗದದ ಚೀಲದೊಂದಿಗೆ ದೇವರ ಮುಂದೆ ಇಡಬಾರದು ಎಂದು ಎಲ್ಲವನ್ನೂ ಚೀಲದಿಂದ ಹೊರತೆಗೆದು, ದೊಡ್ಡ ಹಿತ್ತಾಳೆ ತಾಟಿನಲ್ಲಿ ಹೂವಿನ ಎಸಳಿನ ಹಾಗೆ ಜೋಡಿಸಿದರು. ವಿಭೂತಿಯ ಪಟ್ಟೆಯನ್ನು ಸೀಳಿಗೆ ತಾಗದ ಹಾಗೆ ಅಂಚಿಗೇ ಎಳೆದರು. ಅಷ್ಟು ಎಚ್ಚರ ಇತ್ತು. ಆಮೇಲೆ ದೇವಿಯ ನಾಮ ಹೇಳುತ್ತ ಕುಂಕುಮಾರ್ಚನೆ ಮಾಡಿದರು. ಒಂದೊಂದು ನಾಮಕ್ಕೆ ಒಂದೊಂದು ಚಿಟಿಕೆ. ಆಗ ಅವರ ಮುಖದಲ್ಲಿ ಇದ್ದ ತೃಪ್ತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೂಜೆಗೆ ಕೂತ ಸಾಮಾನನ್ನು ಮರುದಿನದ ತನಕ ಎತ್ತುವಂತಿಲ್ಲ. ದಶಮಿಯ ದಿನ ಬನ್ನಿ ಹಂಚಿ, ಬನ್ನಿ ತೊಗೊಂಡು ಬಂಗಾರದಂಗ ಇರೂಣು ಎಂದು ಎಲ್ಲರಿಗೂ ಹೇಳಿಕೊಂಡು ಬಂದೆವು.

ಅಂಗಡಿ ತೆರೆದ ದಿನ ಅಕ್ಕಾರು ಪದಗಳ ಫ್ಲಾಪಿಯನ್ನೇ ಮೊದಲು ಹಾಕಿದರು. ಡ್ರೈವಿನೊಳಗಿಂದ ರವೆ ಬೀಸಿದ ಹಾಗೆ ಸದ್ದು ಬಂತು. ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ಸಾಲು ಮೂಡಿತು. ತೆಗೆದರು, ಬ್ಯಾಡಗಿಯದನ್ನು ಹಾಕಿದರು. ಅದೇ ಸದ್ದು, ಅದೇ ಸಾಲು. ನಾನು ಹಾವೇರಿಯದನ್ನು ಹಿಡಿದು ಡ್ರೈವಿನ ಬಾಯಿಗೆ ತಂದೆ. ಅವರು ನನ್ನ ಮಣಿಕಟ್ಟನ್ನು ಹಿಡಿದರು.

“ಬ್ಯಾಡ. ಕೈ ತಗಿ.”

ಅವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಮೊದಲ ಫ್ಲಾಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸೀಳಿನೊಳಗೆ ನೋಡಿದರು. ಕಂದು ತಟ್ಟೆಯ ಮೇಲೆ ದುಂಡಗೆ ಒಂದು ಗೀರು, ಗೀರಿನ ಉದ್ದಕ್ಕೂ ಕೆಂಪು ಪುಡಿ. ಮೊದಲನೆಯದರ ಕುಂಕುಮ ಡ್ರೈವಿನೊಳಗಿನ ಓದುವ ಸೂಜಿಗೆ ಮೆತ್ತಿತ್ತು, ಅದು ಎರಡನೆಯದನ್ನೂ ಗೀರಿ ಹಾಕಿತ್ತು. ಉಳಿದ ಕೆಲಸಗಳಿಗೆ ಹಸ್ತಪ್ರತಿ ಇತ್ತು, ಪದಗಳಿಗೆ ಮಾತ್ರ ಇರಲಿಲ್ಲ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆ ಹಿಡಿದ ಕೈ ಕುಂಬಾರನದೇ ಆಗಿತ್ತು.

“ಮೂರೂರಾಗ ಇಟ್ಟಿದ್ದನ್ನ ಒಂದ ತಾಟಿನಾಗ ತಂದಾಕಿ ನಾನ,” ಎಂದರು. ಅಳಲಿಲ್ಲ. ಕಂಪ್ಯೂಟರಿನ ಕೌದಿಯನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ಮಡಚುತ್ತ ಕೂತರು. ನೋಡಲಾಗದೆ ನಾನು ಮೆಟ್ಟಿಲ ಮೇಲೆ ಹೋಗಿ ನಿಂತೆ.

ಹೋದರೆ ಹೋಯಿತು, ಮುದುಕಿ ಮತ್ತೆ ಹಾಡುತ್ತಾಳೆ, ಮತ್ತೆ ಜೋಡಿಸಿದರಾಯಿತು ಎಂದು ನಾನು ಸಮಾಧಾನ ಹೇಳಿದ್ದೆ. ಎರಡು ದಿನ ಕಳೆದಿರಲಿಲ್ಲ, ಗುತ್ತಲದಿಂದ ಅವಳ ಮಗ, ಆ ಮಾಸ್ತರ, ಬಂದ. ಅವ್ವನಿಗೆ ಲಕ್ವಾ ಹೊಡೆದಿದೆ, ಬಲಗೈ ಮತ್ತು ಮಾತು ಹೋಗಿವೆ, ಕಿವಿ ಮಾತ್ರ ಚೆನ್ನಾಗಿ ಕೇಳುತ್ತದೆ, ಪುಸ್ತಕ ಲಗೂ ಮಾಡಿಕೊಡಿ, ಒಮ್ಮೆ ಕೇಳಿಕೊಂಡು ಹೋಗಲಿ ಎಂದ. ಅಕ್ಕಾರು ಅವನನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿದರು, ಒಂದು ಪುಡಿಯಷ್ಟೂ ಮುಚ್ಚಿಡಲಿಲ್ಲ. ಅವನು ಬೈದಿದ್ದರೆ ಒಳ್ಳೆಯದಿತ್ತು. ದೇವರ ಕೆಲಸದಲ್ಲಿ ಆದದ್ದಕ್ಕೆ ಯಾರನ್ನು ಅನ್ನುವುದು ಎಂದು ಗೋಡೆ ನೋಡುತ್ತ ಕೂತ.

ಮರುದಿನ ಅಕ್ಕಾರು ಮೂರನೆಯ ಫ್ಲಾಪಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡು ಹುಬ್ಬಳ್ಳಿಗೆ ಹೋದರು. ನಾನೂ ಹೋದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಇಂಜಿನಿಯರ್ ಇದ್ದ. ಅವನು ಫ್ಲಾಪಿಯ ಕರಿ ಅಂಗಿಯನ್ನು ಬ್ಲೇಡಿನಿಂದ ಕೊಯ್ದು, ಒಳಗಿನ ತಟ್ಟೆಯನ್ನು ತೆಗೆದು, ತೊಳೆದು, ಆರಿಸಿ, ಹೊಸ ಅಂಗಿಯೊಳಗೆ ಸೇರಿಸಿ ಓದಿಸಿ ನೋಡಿದ. ಮಾಡಿದ್ದು ದೊಡ್ಡ ಕೆಲಸವೇ. ಆದರೆ ಕುಂಕುಮ ಅಂಟಿದ ಕಡೆಯೆಲ್ಲ ತಟ್ಟೆ ಕೆಟ್ಟಿತ್ತು, ಸಿಕ್ಕಿದ್ದು ಇಡೀ ಫೈಲಲ್ಲ, ತುಂಡು ತುಂಡು, ಅದೂ ಇಂಗ್ಲಿಷ್ ಅಕ್ಷರಗಳ ಅಡ್ಡಾದಿಡ್ಡಿ ಸಾಲು. ರಾಣೆಬೆನ್ನೂರಿಗೆ ಬಂದು ಅದಕ್ಕೆ ನಮ್ಮ ಕನ್ನಡ ಅಕ್ಷರದ ಫಾಂಟ್ ಹಚ್ಚಿದಾಗ ಪದಗಳು ಒಂದೊಂದಾಗಿ ಎದ್ದು ನಿಂತವು. ಎಷ್ಟೋ ಕಡೆ ನಡುವೆಯೇ ಕಡಿದು ಹೋಗಿದ್ದವು. ಕೊನೆಗೆ ಉಳಿದದ್ದು ಅರ್ಧ ಪುಸ್ತಕ.

ಗಳಗನಾಥಕ್ಕೆ ಹೋದ ದಿನ ಹೊಳೆ ತುಂಬಿ ಹರಿಯುತ್ತಿತ್ತು. ಮುದುಕಿ ಪಡಸಾಲೆಯಲ್ಲಿ ಕೌದಿಯ ಮೇಲೆ ಒರಗಿದ್ದಳು. ನಮ್ಮನ್ನು ನೋಡಿ ಬಾಯಿ ವಾರೆಯಾಗಿ ನಕ್ಕಿತು. ಪುಸ್ತಕ ತಂದಿದ್ದಾರೆ ಎಂದುಕೊಂಡಿರಬೇಕು. ಅಕ್ಕಾರು ಅವಳ ಎದುರು ನೆಲದ ಮೇಲೆ ಕೂತರು.

“ಅವ್ವಾ, ನೀ ಕೊಟ್ಟಿದ್ದರಾಗ ಅರ್ಧ ಕಳದೇನಿ. ತಪ್ಪು ಯಂತ್ರದ್ದಲ್ಲ, ನಂದ.”

ಮುದುಕಿ ಅಕ್ಕಾರ ಮುಖ ನೋಡಿದಳು. ತಿಳಿಯಿತೋ ಇಲ್ಲವೋ ಎಂದು ನನಗೆ ಅನುಮಾನ. ಆಮೇಲೆ ಅವಳ ಎಡಗೈ ಬಂದು ಅಕ್ಕಾರ ಕೈಯನ್ನು ಹಿಡಿದು ನೆಲದ ಮೇಲೆ ಇಟ್ಟು ನಿಧಾನವಾಗಿ ಸುತ್ತ ತಿರುಗಿಸತೊಡಗಿತು. ಬೀಸುವ ಕಲ್ಲಿಗೆ ಎದುರುಬದುರು ಕೂತ ಇಬ್ಬರು ಹೆಂಗಸರ ಹಾಗೆ ಇಬ್ಬರ ಕೈಗಳು ಒಂದೇ ಗೂಟ ಹಿಡಿದು ತಿರುಗಿದವು. ಮುದುಕಿಯ ತುಟಿ ಅಲುಗುತ್ತಿತ್ತು. ಗಂಟಲಿನಿಂದ ದನಿ ಬರುತ್ತಿತ್ತು, ಪದ ಬರಲಿಲ್ಲ. ಅಕ್ಕಾರು ಅತ್ತದ್ದು ಆಗ. ಸೊಸೆಯನ್ನು ಕೇಳಿದೆವು. ನನಗ ಬರೂದಿಲ್ರಿ, ಅತ್ತಿಯವರ ಮುಂದ ನಾ ಎಂದೂ ಹಾಡಿಲ್ಲ ಎಂದು ಅವಳು ಒಳಗೆ ಹೋದಳು.

ಪುಸ್ತಕ ಮಾಡುವ ಹೊತ್ತಿಗೆ ಮಾಸ್ತರ ಒಂದು ಉಪಾಯ ಹೇಳಿದ. ಕಡಿದ ಪದಗಳಿಗೆ ಸಾಲು ತಾನೇ ಹೊಂದಿಸುತ್ತೇನೆ, ತ್ರಿಪದಿ ಕಟ್ಟುವುದು ತನಗೆ ಗೊತ್ತು, ಓದುವವರಿಗೆ ತಿಳಿಯುವುದಿಲ್ಲ ಎಂದ. ಅವ್ವನ ಪುಸ್ತಕ ಹರಕು ಕಾಣಬಾರದು ಎಂಬ ಅವನ ಸಂಕಟವೂ ಸುಳ್ಳಲ್ಲ. ಅಕ್ಕಾರು ಒಪ್ಪಲಿಲ್ಲ.

“ಬ್ಯಾಡ್ರಿ ಮಾಸ್ತರ. ಅದು ಅವ್ವನ ಪದ ಆಗೂದಿಲ್ಲ. ತೂತು ತೂತಾಗೇ ಇರಲಿ.”

ಹಾಗೆಯೇ ಅಚ್ಚಾಯಿತು. ಪದ ಹೋದಲ್ಲೆಲ್ಲ ಜಾಗ ಬಿಟ್ಟು ಅಕ್ಕಾರು ಸಣ್ಣ ಅಕ್ಷರದಲ್ಲಿ ಒಂದೇ ಸಾಲು ಹಾಕಿದರು: ‘ಇಲ್ಲಿ ಒಂದು ಪದ ಇತ್ತು. ಜೋಡಿಸಿದವರ ಕೈಯಲ್ಲಿ ಹೋಯಿತು.’ ಇಂಥ ಸಾಲನ್ನು ಯಾವ ಅಂಗಡಿಯವರು ತಮ್ಮ ಕೈಯಾರೆ ಅಚ್ಚು ಹಾಕುತ್ತಾರೆ? ನಾನು ಜಗಳವಾಡಿದೆ, ಗಿರಾಕಿ ತಪ್ಪುತ್ತಾರೆ ಎಂದೆ. ಅವರು ಕೇಳಲಿಲ್ಲ. ಮುದುಕಿಗೆ ಪುಸ್ತಕವನ್ನು ಪೂರ್ತಿ ಓದಿ ಹೇಳಿದ್ದೂ ಅವರೇ. ತೂತು ಬಂದಲ್ಲೆಲ್ಲ ಆ ಸಾಲನ್ನೂ ಬಿಡದೆ ಓದಿದರು. ಮುದುಕಿ ಪ್ರತಿ ಸಲ ಕಣ್ಣು ಮುಚ್ಚಿ ತೆರೆದಳು. ಬೇಸಿಗೆಗೆ ಮೊದಲು ಅವಳು ತೀರಿಕೊಂಡಳು.

ಅಲ್ಲಿಂದ ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ಬಂತು. ಖಂಡೇಪೂಜೆಗೆ ಅಕ್ಕಾರು ಕಂಪ್ಯೂಟರಿಗೆ ಹೂ ಏರಿಸುತ್ತಿದ್ದರು, ಕುಂಕುಮ ಮಾತ್ರ ಹೊಸ್ತಿಲಿಗೆ. ಫ್ಲಾಪಿಗಳಲ್ಲಿ ಅಂಗಡಿಯವು ಮಾತ್ರ ಪೂಜೆಗೆ ಕೂರುತ್ತಿದ್ದವು, ಅದೂ ಡಬ್ಬಿಯೊಳಗೇ. ಬ್ಯಾಡಗಿಯದಕ್ಕೂ ಹಾವೇರಿಯದಕ್ಕೂ ಪೂಜೆ ಇಲ್ಲ. ನಂಬಿಕೆ ಬಿಟ್ಟಿರಲಿಲ್ಲ, ಹಾಗ್ಯಾಕೆ ಬಿಟ್ಟಾರು. ಪೂಜೆಯ ದಿನ ಬೆಳಿಗ್ಗೆ ಗಾಡಿಯಲ್ಲಿ ಕೂತು, ಮನೆಯಲ್ಲಿ ಉಳಿದ ಆ ಫ್ಲಾಪಿಗಳನ್ನು ನೆನೆದು ಕೈಮುಗಿಯುತ್ತಿದ್ದರು. ನೀ ಪೂಜಿಗೆ ಕೂಡಬ್ಯಾಡ, ನೀ ಉಳಿ ಎಂದು ಗುಣುಗುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿದೆ. ವರ್ಷಕ್ಕೊಂದೆರಡು ಸಲ ಅಂಗಡಿ ನನಗೆ ಬಿಟ್ಟು ಗಳಗನಾಥಕ್ಕೆ ಹೋಗುತ್ತಿದ್ದರು. ದೇವರಿಗೆ ಹೋಗುತ್ತಾರೆ ಎಂದು ನಾನು ತಿಳಿದಿದ್ದೆ. ಆಮೇಲೆ ಹಾವೇರಿ ಜಿಲ್ಲೆಯಾಯಿತು, ಕೆಲಸ ಹೆಚ್ಚಾಯಿತು, ನನಗೆ ನನ್ನದೇ ಅಂಗಡಿ ಹಾಕಿಕೊಳ್ಳಲು ಅವರೇ ಒತ್ತಾಯ ಮಾಡಿದರು.

ಸುದ್ದಿ ಬಂದ ಮೂರನೆಯ ದಿನ ಯಜಮಾನರನ್ನು ಮಾತಾಡಿಸಿ ಬರಲು ಮತ್ತೆ ಬ್ಯಾಡಗಿಗೆ ಹೋದೆ. ಮನೆಯಲ್ಲಿ ಮಂದಿ ಕಡಿಮೆಯಾಗಿತ್ತು. ಅವರು ಅಟ್ಟದ ಮೇಲಿನಿಂದ ಆ ಸ್ಟೀಲ್ ಡಬ್ಬಿ ಇಳಿಸಿ ನನ್ನ ಮುಂದಿಟ್ಟರು. ಹುಬ್ಬಳ್ಳಿಯಲ್ಲಿ ಹೊಸ ಅಂಗಿ ತೊಡಿಸಿದ್ದ ಫ್ಲಾಪಿ ಒಳಗಿತ್ತು. ಉಳಿದ ಅರ್ಧವನ್ನು ಓದುವ ಯಂತ್ರ ಯಾವತ್ತಾದರೂ ಬರುತ್ತದೆ ಎಂದು ಇಟ್ಟುಕೊಂಡಿದ್ದರಂತೆ. ಅಂಥ ಯಂತ್ರ ಬಂದಿದೆಯೇ ಎಂದು ಯಜಮಾನರು ಕೇಳಿದರು. ಇಂಥ ಫ್ಲಾಪಿ ಹಾಕುವ ಡ್ರೈವೇ ಈಗ ಸಿಗುವುದಿಲ್ಲ ಎಂದು ಹೇಳದೆ, ಇನ್ನೂ ಬಂದಿಲ್ಲ ಎಂದಷ್ಟೇ ಹೇಳಿದೆ.

ಆ ಹೊತ್ತಿಗೆ ಗಳಗನಾಥದ ಸೊಸೆ ಬಂದಳು. ನಾನು ಕೂಡಲೇ ಗುರುತು ಹಿಡಿಯಲಿಲ್ಲ, ತಲೆ ನೆರೆತಿತ್ತು. ಅಕ್ಕಾರ ಫೋಟೋಕ್ಕೆ ಕೈಮುಗಿದು, ನನ್ನ ಪಕ್ಕ ಕೂತು, ಕಣ್ಣೊರೆಸಿಕೊಳ್ಳುತ್ತ ಹೇಳಿದಳು. ಅಕ್ಕಾರು ಅವಳ ಮನೆಗೆ ಬರುತ್ತಿದ್ದದ್ದು ಬೀಸುವ ಕಲ್ಲಿಗಾಗಿ. ಇಬ್ಬರೂ ಎದುರುಬದುರು ಕೂತು ಬರಿಗಲ್ಲು ತಿರುಗಿಸುತ್ತಿದ್ದರಂತೆ. ಅತ್ತೆಯ ಎದುರು ವರ್ಷಗಟ್ಟಲೆ ಗೂಟ ಹಿಡಿದು ಕೂತವಳ ಕಿವಿಯಲ್ಲಿ ಏನಾದರೂ ಉಳಿದಿರಲೇಬೇಕು ಎಂದು ಅಕ್ಕಾರ ಹಟ. ಹಾಗೆ ತಿರುಗಿಸುತ್ತ ತಿರುಗಿಸುತ್ತ ಕಳೆದುಹೋದ ಪದಗಳಲ್ಲಿ ಕೆಲವು ಮರಳಿ ಬಂದಿದ್ದವಂತೆ.

“ಇವತ್ತ ಬರೂ ಮುಂದ ಬಸ್ಸಿನಾಗ ಇನ್ನೊಂದು ಬಂತ್ರಿ,” ಎಂದಳು. “ಬ್ಯಾಡಗಿ ಮುಟ್ಟೂದ್ರಾಗ ಪೂರ್ತಿ ನೆನಪಾತು. ಹೇಳೂಣಂದ್ರ ಅಕ್ಕಾರಿಲ್ಲ.”

ಸತ್ತವರ ಮನೆಯಲ್ಲಿ ಬೀಸುವ ಪದ ಹಾಡಬಹುದೋ ಬಾರದೋ ಎಂದು ಅವಳು ಯಜಮಾನರ ಮುಖ ನೋಡಿದಳು. ಅವರು ಹೇಳು ಎಂದು ಸನ್ನೆ ಮಾಡಿದರು. ಅವಳು ಬಲಗೈಯನ್ನು ನೆಲದ ಮೇಲೆ ಊರಿ ತಿರುಗಿಸಿದಳು.

ತುಂಗವ್ವ ಬರತಾಳ ವರದವ್ವ ಕೂಡ್ಯಾಳ
ಬೀಸೂವ ಕಲ್ಲವ್ವ ನಿಲಬ್ಯಾಡ | ನನ ಕೂಸು
ಕಣ್ಣ ಮುಚ್ಚೂ ತನಕ ತಿರುಗವ್ವ

ಬರೆದುಕೊಳ್ಳಲು ಕಾಗದಕ್ಕಾಗಿ ನಾನು ಏಳಹೋದೆ. ಯಜಮಾನರು ಕೈ ತೋರಿಸಿ ಕೂರಿಸಿದರು.

“ಮೊದಲ ಬಾಯಾಗ ಉಳೀಲಿ. ನೀ ಹಾವೇರಿಗೆ ಹೋಗ್ತಿ, ಈ ತಂಗಿ ರಾಣೆಬೆನ್ನೂರ ಹಾಯ್ದು ಹೋಗ್ತಾಳ, ನಾ ಇಲ್ಲೇ ಇರ್ತೇನಿ. ಮೂರೂ ಮಂದಿ ಕಲಿಯೂಣು.”

ಮೂವರೂ ನೆಲದ ಮೇಲೆ ಕೂತು ಹೇಳಿದೆವು. ನನಗೆ ಲಗೂ ಬಂತು. ಜೀವಮಾನವಿಡೀ ಮೆಣಸಿನಕಾಯಿಯ ಚೀಲದ ತೂಕ ಬರೆದ ಆ ಮನುಷ್ಯನಿಗೆ ಎರಡನೆಯ ಸಾಲು ತಪ್ಪುತ್ತಿತ್ತು, ಕೈ ಒಂದು ಕಡೆ ತಿರುಗಿದರೆ ಪದ ಇನ್ನೊಂದು ಕಡೆ ಹೋಗುತ್ತಿತ್ತು. ಸೊಸೆ ತಿದ್ದಿದಳು, ಮತ್ತೆ ತಿದ್ದಿದಳು. ಕೊನೆಗೊಮ್ಮೆ ಪೂರ್ತಿ ಸರಿಯಾಗಿ ಬಂತು, ಸಾಕು ಎಂದು ಅವಳು ಕೈ ಎತ್ತಿದಳು. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು, ಕೈ ನೆಲದ ಮೇಲೆ ಇನ್ನೂ ತಿರುಗುತ್ತಿತ್ತು.

“ಇನ್ನೊಮ್ಮೆ ಹೇಳವ್ವಾ,” ಎಂದರು. “ಗಂಟ ಬಿದ್ದಿಲ್ಲ.”